ಸೀಜನ್ ಮುಗಿದರೂ ನಿಲ್ಲದ ದುಡಿಮೆ

ರಾಯಚೂರಿನ ಎಪಿಎಂಸಿಗೆ ಹತ್ತಿ ಬರಲು ಶುರುವಾದರೆ ದಲಾಲಿ ಅಂಗಡಿಗಳಲ್ಲಿ ಹಗಲು ರಾತ್ರಿ ಒಂದೇ ಆಗುತ್ತದೆ. ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ತೂಕ ಆಗಬೇಕು, ಟೆಂಡರ್ ಆಗಬೇಕು, ರೈತರ ಕೈಗೆ ಪಟ್ಟಿ ಕೊಡಬೇಕು, ಹಮಾಲರ ಕೂಲಿ ಲೆಕ್ಕ ಹಾಕಬೇಕು. ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್ಲುಗಳಲ್ಲಿ ಭತ್ತದ ಸುಗ್ಗಿ ಬಂದಾಗಲೂ ಇದೇ ಕಥೆ. ಬಳ್ಳಾರಿಯ ಜೀನ್ಸ್ ಯುನಿಟ್‌ಗಳಿಗೆ ಹಬ್ಬದ ಆರ್ಡರ್ ಬಿದ್ದರೆ ಮಧ್ಯರಾತ್ರಿ ಆದರೂ ಮಷಿನ್ ಸದ್ದು ನಿಲ್ಲುವುದಿಲ್ಲ. ಅಂಥ ದಿನಗಳಲ್ಲಿ ಒಬ್ಬರು 14 ಗಂಟೆ ದುಡಿದರೆ ಅದನ್ನು ಕೆಲಸದ ಚಟ ಅನ್ನುವುದು ತಪ್ಪು. ಕೆಲಸ ಬಂದಿದೆ, ಮಾಡುತ್ತಾರೆ. ಮುಗಿದ ಮೇಲೆ ಎರಡು ದಿನ ಬಿದ್ದು ನಿದ್ದೆ ಹೊಡೆಯುತ್ತಾರೆ. ಆಮೇಲೆ ಜಾತ್ರೆ, ಮದುವೆ, ಬೀಗರ ಊರು ಅಂತ ಓಡಾಡುತ್ತಾರೆ.

ಚಟ ಇರುವವರು ಬೇರೆಯಾಗಿ ಕಾಣುವುದು ಸೀಜನ್ ಮುಗಿದ ಮೇಲೆ. ಮೇ ತಿಂಗಳ ಬಿಸಿಲಲ್ಲಿ ಮಾರ್ಕೆಟ್ ಯಾರ್ಡ್ ಭಣಭಣ ಅನ್ನುತ್ತಿರುತ್ತದೆ. ಆಗಲೂ ಅವರು ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು ಕೂತಿರುತ್ತಾರೆ. ನನಗೆ ಪರಿಚಯದ ಒಬ್ಬ ದಲಾಲಿ ಸಾಹುಕಾರರಿದ್ದಾರೆ. ಅಂಥದೇ ಒಂದು ಮೇ ತಿಂಗಳು, ಹತ್ತಿರದ ನೆಂಟರ ಮದುವೆ. ಪಂಕ್ತಿಯಲ್ಲಿ ಕೂತಿದ್ದರು. ಎಲೆಗೆ ಗೋಧಿ ಹುಗ್ಗಿ ಬಿದ್ದಿತ್ತು, ಬದನೆಕಾಯಿ ಪಲ್ಯ ಬಿದ್ದಿತ್ತು. ಬಲಗೈ ಎಲೆಯ ಅಂಚಿನಲ್ಲಿ ಸುಮ್ನೆ ಇತ್ತು, ಎಡಗೈಯಲ್ಲಿ ಮೊಬೈಲ್. ಗುಮಾಸ್ತನಿಗೆ ಫೋನ್ ಹಚ್ಚಿ, ಬಾಕಿ ಪುಸ್ತಕದಲ್ಲಿ ಒಂದು ಹೆಸರು ಹುಡುಕಲು ಹೇಳುತ್ತಿದ್ದರು. ಆ ಬಾಕಿ ವಸೂಲಾಗುವುದು ದೀಪಾವಳಿ ಆದ ಮೇಲೆ, ಹೊಸ ಹತ್ತಿ ಬಂದಾಗ. ಅದು ಅವರಿಗೂ ಗೊತ್ತು, ಗುಮಾಸ್ತನಿಗೂ ಗೊತ್ತು. "ರೀ, ಮೊದ್ಲು ಒಂದ್ ತುತ್ತು ಉಣ್ರಿ" ಎಂದು ಎದುರಿನ ಸಾಲಿನಿಂದ ಹೆಂಡತಿ ಹೇಳಿದರು. ಅವರು ತಲೆ ಆಡಿಸಿದರು, ಫೋನ್ ಇಡಲಿಲ್ಲ. ಮಜ್ಜಿಗೆ ಬಡಿಸುವವರು ಬಂದಾಗಲೂ ಹುಗ್ಗಿ ಹಾಗೇ ಇತ್ತು.

ಕೆಲಸ ಇದ್ದು ಮಾಡುವುದು ಒಂದು. ಕೆಲಸ ಇಲ್ಲದಿದ್ದರೆ ಜೀವ ನಿಲ್ಲದೆ, ಹುಡುಕಿಕೊಂಡು ಹೋಗಿ ಮಾಡುವುದು ಇನ್ನೊಂದು. ನಮ್ಮ ಕಡೆ ದುಡಿಯುವವರ ಬಗ್ಗೆ ಎಷ್ಟು ಗೌರವ ಇದೆ ಅಂದರೆ, ಈ ಎರಡನೆಯದು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಕುಡಿತದ ಚಟ ಹತ್ತಿದವರಿಗೆ ಓಣಿಯೆಲ್ಲ ಬುದ್ಧಿ ಹೇಳುತ್ತದೆ. ಕೆಲಸದ ಚಟ ಹತ್ತಿದವರನ್ನು ಅದೇ ಓಣಿ ಮಕ್ಕಳಿಗೆ ತೋರಿಸಿ "ಅವರನ್ನ ನೋಡಿ ಕಲಿ" ಅನ್ನುತ್ತದೆ. ಹಾಗಾಗಿ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನಿಸಿತು.

ಎಳೆಯುವ ಕೆಲಸ, ತಳ್ಳುವ ಕೆಲಸ

ಇಂಥವರನ್ನು ವರ್ಕಹಾಲಿಕ್ ಎಂದು ಕರೆಯುವ ರೂಢಿಯನ್ನು ಜನರಲ್ಲಿ ಬೆಳೆಸಿದವರು ವೇಯ್ನ್ ಓಟ್ಸ್. ಅಮೆರಿಕದ ಮನಶ್ಶಾಸ್ತ್ರಜ್ಞರು, ಪಾದ್ರಿಯೂ ಹೌದು. 1971ರಲ್ಲಿ ಅವರು ಇದರ ಬಗ್ಗೆ ವಿಸ್ತಾರವಾಗಿ ಬರೆದರು. ಆಮೇಲೆ ಬಂದ ಸಂಶೋಧಕರು, ಅದರಲ್ಲೂ ನೆದರ್‌ಲ್ಯಾಂಡ್ಸ್‌ನ ವಿಲ್ಮರ್ ಶೌಫೆಲಿ ಮತ್ತು ಅವರ ಜೊತೆಗಾರರು, ಒಂದು ಮುಖ್ಯವಾದ ವ್ಯತ್ಯಾಸ ತೋರಿಸಿದರು. ಕೆಲವರನ್ನು ಕೆಲಸ ತನ್ನ ಕಡೆ ಎಳೆಯುತ್ತದೆ. ಅವರಿಗೆ ಅದು ಇಷ್ಟ, ಮಾಡುವಾಗ ಹುರುಪು, ಮುಗಿಸಿದ ಮೇಲೆ ಹಗುರ. ಇನ್ನು ಕೆಲವರನ್ನು ಒಳಗಿನಿಂದ ಏನೋ ಒಂದು ತಳ್ಳುತ್ತದೆ. ಕೆಲಸ ಇಷ್ಟವೇ ಇರಬೇಕೆಂದಿಲ್ಲ. ಮಾಡದಿದ್ದರೆ ತಪ್ಪು ಮಾಡಿದ ಹಾಗೆ, ಏನೋ ಕೆಡುಕಾಗುತ್ತದೆ ಎಂಬ ಹಾಗೆ ಮನಸ್ಸು ಕಿತ್ತಾಡುತ್ತದೆ. ಅದನ್ನು ತಡೆಯಲಾಗದೆ ಮಾಡುತ್ತಾರೆ.

ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ. ಇಬ್ಬರೂ ರಾತ್ರಿ ಹತ್ತರವರೆಗೆ ಕೂತಿರುತ್ತಾರೆ. ಆದ್ದರಿಂದ ಗಂಟೆ ಎಣಿಸಿ ಚಟವನ್ನು ಗುರುತಿಸಲು ಆಗುವುದಿಲ್ಲ. ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಇದಕ್ಕೆಂದೇ ಏಳು ಪ್ರಶ್ನೆಗಳ ಒಂದು ಅಳತೆ ತಯಾರಿಸಿದರು. ಹಿಂದಿನ ಒಂದು ವರ್ಷ ಹೇಗಿತ್ತು ಅಂತ ನೆನಪಿಸಿಕೊಂಡು ಉತ್ತರಿಸಬೇಕು. ಕೆಲಸಕ್ಕೆ ಇನ್ನೂ ಸಮಯ ಎಲ್ಲಿಂದ ತರಲಿ ಅಂತ ಯೋಚಿಸುತ್ತಿದ್ದಿರಾ? ಅಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ ಹೊತ್ತು ಕೆಲಸದಲ್ಲೇ ಕಳೆದುಹೋಗುತ್ತಿತ್ತಾ? ಬೇಜಾರು, ಆತಂಕ, ತಪ್ಪಿತಸ್ಥ ಭಾವ ಮರೆಯಲು ಕೆಲಸಕ್ಕೆ ಕೂರುತ್ತಿದ್ದಿರಾ? ಕಡಿಮೆ ಮಾಡಿ ಅಂತ ಬೇರೆಯವರು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲವಾ? ಕೆಲಸ ಮಾಡಲು ಬಿಡದಿದ್ದರೆ ಚಡಪಡಿಕೆ ಆಗುತ್ತಿತ್ತಾ? ಆಟ, ಹವ್ಯಾಸ, ವಾಕಿಂಗ್ ಎಲ್ಲ ಹಿಂದಕ್ಕೆ ಸರಿದವಾ? ಕೆಲಸದಿಂದ ಆರೋಗ್ಯ ಕೆಟ್ಟಿತಾ? ಇವುಗಳಲ್ಲಿ ಕನಿಷ್ಠ ನಾಲ್ಕಕ್ಕೆ "ಆಗಾಗ" ಅಥವಾ "ಯಾವಾಗಲೂ" ಅಂತ ಉತ್ತರ ಬಂದರೆ ಅದನ್ನು ಚಟದ ಲಕ್ಷಣ ಎಂದು ಅವರು ಪರಿಗಣಿಸುತ್ತಾರೆ. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ನಾರ್ವೆಯ ಉದ್ಯೋಗಿಗಳಲ್ಲಿ ಶೇ 8.3ರಷ್ಟು ಮಂದಿ ಈ ಸಾಲಿಗೆ ಬಂದಿದ್ದರು.

ಪ್ರಶ್ನೆಗಳನ್ನು ಇನ್ನೊಮ್ಮೆ ಓದಿ ನೋಡಿ. ಸಂಬಳ ಎಷ್ಟು, ಹುದ್ದೆ ಯಾವುದು, ದಿನಕ್ಕೆಷ್ಟು ಗಂಟೆ ಅಂತ ಒಂದರಲ್ಲೂ ಕೇಳಿಲ್ಲ. ನಿಲ್ಲಿಸಿದಾಗ ಮನಸ್ಸಿನಲ್ಲಿ ಏನಾಗುತ್ತದೆ ಅನ್ನುವುದೇ ಅಲ್ಲಿನ ತಿರುಳು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಕೆಲಸದ ಚಟ ಅನ್ನುವ ರೋಗ ಇಲ್ಲ. ಕೆಲಸದ ಒತ್ತಡದಿಂದ ಪೂರ್ತಿ ಬಸವಳಿದುಹೋಗುವ ಬರ್ನ್‌ಔಟ್‌ನ ವಿವರ ಇದೆ. ಅದನ್ನೂ ಅವರು ರೋಗ ಎಂದು ಕರೆದಿಲ್ಲ, ದುಡಿಮೆಗೆ ಸಂಬಂಧಪಟ್ಟ ಸ್ಥಿತಿ ಎಂದಿದ್ದಾರೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದಮಾತ್ರಕ್ಕೆ ತೊಂದರೆ ಸುಳ್ಳಾಗುವುದಿಲ್ಲ, ಅಲ್ವಾ?

ಮನೆ ನಡೀಬೇಕಲ್ಲ ಅನ್ನುವವರು

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಳ್ಳಾರಿಯಲ್ಲಿ ಪೀಸ್ ರೇಟಿಗೆ ಪ್ಯಾಂಟ್ ಹೊಲಿಯುವ ಹುಡುಗ ರಾತ್ರಿ ಒಂದು ಗಂಟೆವರೆಗೆ ಮಷಿನ್ ಮುಂದೆ ಕೂತರೆ ಅದು ಚಟ ಅಲ್ಲ. ಪೀಸು ಜಾಸ್ತಿ ಆದರೆ ದುಡ್ಡು ಜಾಸ್ತಿ, ಅಷ್ಟೇ. ಸ್ಟೀಲ್ ಫ್ಯಾಕ್ಟರಿಯ ಕಾಂಟ್ರಾಕ್ಟ್ ಕಾರ್ಮಿಕ ಸಿ ಶಿಫ್ಟ್ ಮುಗಿಸಿ, ಮತ್ತೆ ಎ ಶಿಫ್ಟಿಗೆ ಡಬಲ್ ಡ್ಯೂಟಿ ನಿಂತರೆ ಅವನ ಹಿಂದೆ ಸಾಲ ಇರುತ್ತದೆ, ತಂಗಿಯ ಮದುವೆ ಇರುತ್ತದೆ. ಮಾನ್ವಿ, ದೇವದುರ್ಗ, ಕುಷ್ಟಗಿ ಕಡೆಯಿಂದ ಗುಳೆ ಹೋಗಿ ಬೆಂಗಳೂರಿನಲ್ಲಿ ಕಾಂಕ್ರೀಟ್ ಹೊರುವವರಿಗೆ "ಸ್ವಲ್ಪ ರೆಸ್ಟ್ ತಗೊಳ್ಳಿ" ಅಂತ ಹೇಳುವುದರಲ್ಲಿ ಅರ್ಥವಿಲ್ಲ. ಅವರಿಗೆ ಬೇಕಾಗಿರುವುದು ಸರಿಯಾದ ಕೂಲಿ, ಊರಲ್ಲೇ ಕೆಲಸ.

1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು, ವಾರಕ್ಕೊಂದು ರಜೆ ಕೊಟ್ಟಿತು, ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಎಂದಿತು. ಇಂಥವರಿಗಾಗಿಯೇ ಅದನ್ನು ಮಾಡಿದ್ದು. ಮಾಲೀಕ ಜಾಸ್ತಿ ದುಡಿಸಿಕೊಂಡರೆ ಕಾನೂನಿನ ಹತ್ತಿರ ಹೋಗಬಹುದು. ನಾವೇ ನಮ್ಮನ್ನು ದುಡಿಸಿಕೊಂಡರೆ ಯಾವ ಕಾನೂನೂ ಬರುವುದಿಲ್ಲ. ಸ್ವಂತ ಅಂಗಡಿ, ಸ್ವಂತ ಯುನಿಟ್, ಸ್ವಂತ ಕ್ಲಿನಿಕ್ ಇಟ್ಟವರಲ್ಲಿ ಈ ಚಟ ಸುಲಭವಾಗಿ ಬೇರು ಬಿಡುವುದು ಅದಕ್ಕೇ. ಅಲ್ಲಿ ಬಾಗಿಲು ಹಾಕುವ ಹೊತ್ತನ್ನು ಹೇಳುವವರು ಯಾರೂ ಇಲ್ಲ.

ಮೈಗೆ ಕಾರಣ ಬೇಕಿಲ್ಲ

ಬಡತನಕ್ಕೆ ದುಡಿದರೂ ಚಟಕ್ಕೆ ದುಡಿದರೂ ಮೈ ಮಾತ್ರ ಲೆಕ್ಕ ಇಟ್ಟುಕೊಳ್ಳುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಒಂದು ಅಂದಾಜು ಹೊರತಂದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯು ಬಡಿಯುವ ಅಪಾಯ ಶೇ 35ರಷ್ಟು ಹೆಚ್ಚು. ಹೃದಯದ ರಕ್ತನಾಳ ಕಟ್ಟಿಕೊಂಡು ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 7 ಲಕ್ಷ 45 ಸಾವಿರ ಜನ ಹೀಗೆ ಸತ್ತಿದ್ದಾರೆ ಎಂದು ಅವರು ಲೆಕ್ಕ ಹಾಕಿದರು.

55 ಗಂಟೆ ಅಂದರೆ ತುಂಬಾ ಜಾಸ್ತಿ ಅನಿಸಬಹುದು. ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಒಂಬತ್ತಕ್ಕೆ ತೆಗೆದು ರಾತ್ರಿ ಒಂಬತ್ತಕ್ಕೆ ಮುಚ್ಚುವ ಅಂಗಡಿ, ವಾರಕ್ಕೆ ಆರು ದಿನ. 72 ಗಂಟೆ ಆಯಿತು. ಭಾನುವಾರವೂ ತೆಗೆದರೆ 84. ನಮ್ಮ ಪೇಟೆ ಬೀದಿಗಳಲ್ಲಿ ಇದು ಮಾಮೂಲಿ.

ಮೈಯಲ್ಲಿ ನಡೆಯುವುದು ಇಷ್ಟು. ಒತ್ತಡ ಬಂದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಎದೆ ಬಡಿತ ಏರುತ್ತದೆ, ಬಿಪಿ ಏರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ತುರ್ತಿಗೆ ಇದು ಬೇಕು. ಕೆಲಸ ಮುಗಿದು ಮನಸ್ಸು ಸಡಿಲವಾದಾಗ ಎಲ್ಲ ಮತ್ತೆ ಇಳಿಯಬೇಕು. ಚಟ ಇರುವವರಲ್ಲಿ ಈ ಇಳಿಯುವುದೇ ಸರಿಯಾಗಿ ಆಗುವುದಿಲ್ಲ. ಅಂಗಡಿ ಮುಚ್ಚಿದರೂ ತಲೆಯೊಳಗಿನ ಅಂಗಡಿ ತೆರೆದೇ ಇರುತ್ತದೆ. ಹಾಸಿಗೆಯಲ್ಲಿ ಹೊರಳುತ್ತ ನಾಳೆಯ ಲೋಡಿನ ಲೆಕ್ಕ ನಡೆಯುತ್ತದೆ. ವರ್ಷಗಟ್ಟಲೆ ಹೀಗಾದರೆ ಏರಿದ ಬಿಪಿ ಅಲ್ಲೇ ಕೂತುಬಿಡುತ್ತದೆ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ನಡುವೆ ಚಹಾದ ಮೇಲೆ ಚಹಾ, ಅದರ ಜೊತೆ ಗುಟ್ಕಾನೋ ಸಿಗರೇಟೋ. ನಮ್ಮ ಬೇಸಿಗೆ ಬೇರೆ 40 ಡಿಗ್ರಿ ದಾಟುತ್ತದೆ, ಕೆಲಸದ ಗುಂಗಿನಲ್ಲಿ ನೀರು ಕುಡಿಯುವುದೂ ನೆನಪಾಗುವುದಿಲ್ಲ.

ನೆದರ್‌ಲ್ಯಾಂಡ್ಸ್‌ನ ಒಂದು ಕನ್ಸಲ್ಟಿಂಗ್ ಕಂಪನಿಯ 763 ಉದ್ಯೋಗಿಗಳ ಮೇಲೆ ನಡೆದ ಅಧ್ಯಯನ ಈ ವಿಷಯಕ್ಕೆ ಇನ್ನೊಂದು ಬೆಳಕು ಕೊಡುತ್ತದೆ. ಲೀಕೆ ಟೆನ್ ಬ್ರುಮ್ಮೆಲ್ಹ್ಯೂಸ್ ಮತ್ತು ಜೊತೆಗಾರರು ಅವರ ಬಿಪಿ, ಸೊಂಟದ ಸುತ್ತಳತೆ, ಕೊಲೆಸ್ಟರಾಲ್‌ನಂಥವನ್ನು ನೋಡಿದರು. ಬರೀ ಗಂಟೆಗಳಿಗೂ ಈ ಅಪಾಯಗಳಿಗೂ ನೇರ ನಂಟು ಕಾಣಲಿಲ್ಲ. ಕೆಲಸವನ್ನು ತಲೆಯಿಂದ ಇಳಿಸಲಾಗದೆ ಒದ್ದಾಡುವ ಸ್ವಭಾವಕ್ಕೂ ಅಪಾಯಕ್ಕೂ ನಂಟು ಕಂಡಿತು. ಅದರಲ್ಲೂ ಕೆಲಸದಲ್ಲಿ ಖುಷಿ ಇಲ್ಲದೆ ಒದ್ದಾಡುವವರಿಗೆ ಜಾಸ್ತಿ. ಅದು ಕುರ್ಚಿಯಲ್ಲಿ ಕೂತು ಮಾಡುವ ಕೆಲಸದವರ ಅಧ್ಯಯನ. ಹಮಾಲಿ ಮಾಡುವವರಿಗೂ ಗಣಿಯಲ್ಲಿ ದುಡಿಯುವವರಿಗೂ ಅದನ್ನು ಹಾಗೇ ಹಚ್ಚಬಾರದು. ಅವರ ಮೈಗೆ ಗಂಟೆಗಳೇ ಭಾರ.

ನಿದ್ದೆಯ ವಿಷಯ ಬೇರೆಯಾಗಿ ಹೇಳಬೇಕು, ಯಾಕೆಂದರೆ ಅದರಲ್ಲಿ ಬೇರೆಯವರ ಜೀವವೂ ಸೇರಿದೆ. ಸತತ 17 ಗಂಟೆ ಎಚ್ಚರ ಇದ್ದವರ ಕೈ ಚುರುಕು, ಕಣ್ಣಿನ ಗಮನ ಎಷ್ಟು ಕುಂದುತ್ತದೆ ಅಂದರೆ, ಅದು ರಕ್ತದಲ್ಲಿ ಶೇ 0.05 ಮದ್ಯ ಇದ್ದವರ ಮಟ್ಟಕ್ಕೆ ಬರುತ್ತದೆ. 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಇದು ಗೊತ್ತಾಯಿತು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ಬೆಳಿಗ್ಗೆ ಐದಕ್ಕೆ ಎದ್ದ ಟಿಪ್ಪರ್ ಚಾಲಕ "ಇನ್ನೊಂದೇ ಟ್ರಿಪ್" ಅಂತ ರಾತ್ರಿ ಹತ್ತಕ್ಕೆ ಸಂಡೂರು ಘಾಟಿನಲ್ಲಿ ಅದಿರು ಹೊತ್ತು ಇಳಿಯುತ್ತಿದ್ದರೆ ಅವನಿಗೆ 17 ಗಂಟೆ ಆಗಿರುತ್ತದೆ. ಒಂದು ಹನಿ ಕುಡಿದಿರುವುದಿಲ್ಲ. ಪೊಲೀಸರು ಊದಿಸಿದರೆ ಮಷಿನ್ ಸೊನ್ನೆ ತೋರಿಸುತ್ತದೆ. ಆದರೂ ಬ್ರೇಕ್ ಮೇಲೆ ಕಾಲು ಹೋಗುವುದು ತಡವಾಗುತ್ತದೆ.

ಜಪಾನಿನಲ್ಲಿ ದುಡಿದು ದುಡಿದೇ ಸಾಯುವುದನ್ನು ಕರೋಶಿ ಎನ್ನುತ್ತಾರೆ. 1969ರಲ್ಲಿ ಪತ್ರಿಕೆಯೊಂದರ ಸಾಗಣೆ ವಿಭಾಗದಲ್ಲಿದ್ದ 29 ವರ್ಷದ ಯುವಕ ಪಾರ್ಶ್ವವಾಯುವಿನಿಂದ ತೀರಿಕೊಂಡ. ದಾಖಲಾದ ಮೊದಲ ಪ್ರಕರಣ ಅದು. ಇದನ್ನು ತಡೆಯಲೆಂದೇ ಆ ದೇಶ 2014ರಲ್ಲಿ ಕಾನೂನು ಮಾಡಿತು. ನಮ್ಮಲ್ಲಿ ಅಂಗಡಿಯಲ್ಲೇ ಕುಸಿದು ಬಿದ್ದವರ ಬಗ್ಗೆ "ಪಾಪ, ಹಾರ್ಟ್ ಅಟ್ಯಾಕ್" ಎಂದು ಮಾತು ಮುಗಿಸುತ್ತೇವೆ. ಹಿಂದಿನ ಆರು ತಿಂಗಳು ಅವರು ಎಷ್ಟು ಹೊತ್ತು ಮಲಗಿದ್ದರು ಎಂದು ಯಾರೂ ಕೇಳುವುದಿಲ್ಲ.

ಕೆಲಸಕ್ಕೂ ಇದರಿಂದ ಲಾಭವಿಲ್ಲ

"ಆರೋಗ್ಯ ಹೋದರೂ ಪರವಾಗಿಲ್ಲ, ಕೆಲಸ ಆಯ್ತಲ್ಲ" ಅನ್ನುವವರಿದ್ದಾರೆ. ಅದೂ ನಿಜವಲ್ಲ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಎಷ್ಟು ಗಂಟೆ ದುಡಿದರೆ ಎಷ್ಟು ಮಾಲು ತಯಾರಾಯಿತು ಅಂತ ಬರೆದಿಟ್ಟಿದ್ದರು. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆಂಕಾವೆಲ್ ಆ ಹಳೇ ಲೆಕ್ಕಗಳನ್ನು ತೆಗೆದು ನೋಡಿ 2014ರಲ್ಲಿ ಬರೆದರು. ವಾರಕ್ಕೆ ಸುಮಾರು 50 ಗಂಟೆಯವರೆಗೆ ದುಡಿಮೆ ಏರಿದ ಹಾಗೆ ಮಾಲೂ ಏರಿತ್ತು. ಆಮೇಲೆ ಏರುವುದು ನಿಧಾನವಾಯಿತು. 70 ಗಂಟೆ ದುಡಿದಾಗ ಬಂದ ಮಾಲಿಗೂ 56 ಗಂಟೆಗೆ ಬಂದ ಮಾಲಿಗೂ ಹೆಚ್ಚಿನ ವ್ಯತ್ಯಾಸವೇ ಇರಲಿಲ್ಲ. ನಡುವಿನ 14 ಗಂಟೆ ನೀರಲ್ಲಿ ಹೋಯಿತು. ವಾರಕ್ಕೊಂದು ರಜೆ ಇಲ್ಲದೆ ದುಡಿಸಿದ ಕಡೆ ಉತ್ಪಾದನೆಗೇ ಏಟು ಬಿದ್ದಿತ್ತು.

ನಮ್ಮ ರೈತರಿಗೆ ಇದು ಹೊಸ ಮಾತೇನಲ್ಲ. ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತನೆ ಹದ ಹಾರಿಹೋಗುತ್ತಿದ್ದರೂ ಎಷ್ಟೋ ಮನೆಗಳಲ್ಲಿ ಈ ರೂಢಿ ಮುರಿಯುತ್ತಿರಲಿಲ್ಲ. ದುಡಿಯುವ ಜೀವಕ್ಕೆ ವಾರಕ್ಕೊಂದು ದಿನ ನೊಗ ಇಳಿಸಬೇಕು ಅನ್ನುವುದನ್ನು ದೇವರ ಹೆಸರಿನಲ್ಲಿ ಕಟ್ಟಿಹಾಕಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ಸೋಮವಾರವೂ ಹೊಲ ಹರಗುತ್ತಾರೆ. ಅದನ್ನು ಓಡಿಸುವವರಿಗೆ ವಾರ ಅಂತ ಒಂದು ಉಳಿಯಲಿಲ್ಲ.

ದಣಿದ ತಲೆಯ ತಪ್ಪುಗಳು ಬೇಗ ಕಾಣುವುದಿಲ್ಲ. ಬಿಲ್ಲಿನಲ್ಲಿ ಒಂದು ಸೊನ್ನೆ ಹೆಚ್ಚಾಗಿರುತ್ತದೆ. ಕಟಿಂಗ್ ಮಾಸ್ಟರ್ ಒಂದು ಅಳತೆ ತಪ್ಪಿಸಿದರೆ ಇಡೀ ಲಾಟ್ ಹಾಳು. ಆ ತಪ್ಪು ಸರಿಮಾಡಲು ಮತ್ತೆ ಎರಡು ರಾತ್ರಿ. ಚಟ ಇರುವವರು ಇದನ್ನೂ ಕೆಲಸದ ಲೆಕ್ಕಕ್ಕೇ ಹಾಕುತ್ತಾರೆ.

ನನಗೆ ಇದಕ್ಕಿಂತ ದೊಡ್ಡದು ಅನಿಸುವ ನಷ್ಟ ಇನ್ನೊಂದಿದೆ. ಇಂಥವರು ಯಾರಿಗೂ ಕೆಲಸ ಒಪ್ಪಿಸುವುದಿಲ್ಲ. "ಅವರಿಗೆ ಬರಲ್ಲ, ನಾನೇ ಮಾಡ್ತೀನಿ" ಅನ್ನುವುದು ಬಾಯಿಪಾಠ. ಗುಮಾಸ್ತ ಹತ್ತು ವರ್ಷದಿಂದ ಇದ್ದರೂ ಬ್ಯಾಂಕಿನ ವ್ಯವಹಾರ ಅವನಿಗೆ ಗೊತ್ತಿರುವುದಿಲ್ಲ. ಮಗ ಅಂಗಡಿಗೆ ಬಂದು ಕೂತರೂ ಗಲ್ಲಾಪೆಟ್ಟಿಗೆ ಬೀಗದ ಕೈ ಅಪ್ಪನ ಹತ್ತಿರವೇ. ಎಲ್ಲ ರೈತರ ಲೆಕ್ಕ, ಎಲ್ಲ ಮಿಲ್ಲುಗಳ ಮಾತು ಒಬ್ಬರ ತಲೆಯಲ್ಲಿ. ಆ ಒಬ್ಬರು ಒಂದು ದಿನ ಆಸ್ಪತ್ರೆ ಸೇರುತ್ತಾರೆ. ಆಗ ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಯಾರಿಗೂ ಗೊತ್ತಿಲ್ಲ. ಯಾರಿಂದ ಬರಬೇಕೋ ಅವರು ಸುಮ್ಮನಿರುತ್ತಾರೆ, ಯಾರಿಗೆ ಕೊಡಬೇಕೋ ಅವರು ಮನೆ ಮುಂದೆ ಬಂದು ನಿಲ್ಲುತ್ತಾರೆ. ಮೂವತ್ತು ವರ್ಷ ಕಟ್ಟಿದ ವ್ಯಾಪಾರ ಒಂದೇ ಸೀಜನ್ನಿನಲ್ಲಿ ಮುಳುಗುವುದು ಹೀಗೆ.

ಮನೆಯಲ್ಲಿ ಇದ್ದೂ ಇಲ್ಲದವರು

"ನಾನು ಇದೆಲ್ಲ ಮಾಡ್ತಿರೋದು ಅವರಿಗೋಸ್ಕರ ತಾನೆ?" ಈ ಮಾತು ಎಲ್ಲರ ಬಾಯಲ್ಲೂ ಬರುತ್ತದೆ, ಮನಸಾರೆ ಬರುತ್ತದೆ. ಆದರೆ ಮನೆಯವರು ಕೇಳಿದ್ದು ಏನು? ನಾನು ಮೇಲೆ ಹೇಳಿದ ಸಾಹುಕಾರರ ಮಗಳು ಹೈಸ್ಕೂಲಿನಲ್ಲಿದ್ದಾಗ ಒಂದು ಉಪಾಯ ಕಂಡುಕೊಂಡಿದ್ದಳು. ಅಪ್ಪಾಜಿ ಫೋನಿನಲ್ಲಿ ರೇಟು ಮಾತಾಡುವಾಗ ಮಾರ್ಕ್ಸ್ ಕಾರ್ಡ್ ಮುಂದೆ ಹಿಡಿದರೆ ಓದದೇ ಸಹಿ ಹಾಕುತ್ತಾರೆ. ಒಳ್ಳೆ ಮಾರ್ಕ್ಸ್ ಬಂದಾಗಲೂ ಹಾಗೇ ಹಾಕಿದರು. ಆಮೇಲೆ ಅವಳು ತೋರಿಸುವುದನ್ನೇ ಬಿಟ್ಟಳು, ಅಮ್ಮನ ಹತ್ತಿರ ಸಹಿ ಮಾಡಿಸಿಕೊಂಡಳು.

ಅಮೆರಿಕದ ಬ್ರಯಾನ್ ರಾಬಿನ್ಸನ್ ಇಂಥ ತಂದೆತಾಯಿಯ ಮಕ್ಕಳ ಬಗ್ಗೆ ಬಹಳ ಕಾಲ ಅಧ್ಯಯನ ಮಾಡಿದವರು. ಈ ಮಕ್ಕಳು ದೊಡ್ಡವರಾದ ಮೇಲೆ ಅವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚಾಗಿ ಕಂಡಿತು ಎಂದು ಅವರು ಬರೆದಿದ್ದಾರೆ. ಕುಡುಕ ಅಪ್ಪನ ಮೇಲೆ ಮಗು ಸಿಟ್ಟು ಮಾಡಿಕೊಳ್ಳಬಹುದು, ಊರೂ ಮಗುವಿನ ಪರ ನಿಲ್ಲುತ್ತದೆ. ದುಡಿಯುವ ಅಪ್ಪನ ಮೇಲೆ ಸಿಟ್ಟು ಬಂದರೆ ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ. ದೂರು ಹೇಳಿದರೆ "ನಿನಗೋಸ್ಕರ ಅಷ್ಟು ಕಷ್ಟಪಡ್ತಾನೆ" ಎಂಬ ಮಾತು ತಿರುಗಿ ಬರುತ್ತದೆ.

ಇದು ಗಂಡಸರದಷ್ಟೇ ಕಥೆ ಅಲ್ಲ. ಹೆಂಗಸರಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ. ಶಾಲೆಯ ಟೀಚರ್ ಅಥವಾ ಬ್ಯಾಂಕಿನ ಮೇಡಂ ಅಂದುಕೊಳ್ಳಿ. ಆರು ಗಂಟೆಗೆ ಮನೆಗೆ ಬರುತ್ತಾರೆ. ರೊಟ್ಟಿ, ಪಾತ್ರೆ, ಮಕ್ಕಳ ಹೋಂವರ್ಕ್. ಅದು ಮುಗಿಯುವ ಹೊತ್ತಿಗೆ ವಾಟ್ಸಾಪ್ ಗ್ರೂಪಿನಲ್ಲಿ ನಾಳೆ ಕಳಿಸಬೇಕಾದ ಮಾಹಿತಿಯ ಮೆಸೇಜು. ಇದರಲ್ಲಿ ಬಹುಪಾಲು ಹೇರಿದ ಕೆಲಸ, ಮನೆಯವರು ಕೈ ಜೋಡಿಸಿದರೆ ಕಡಿಮೆಯಾಗುವ ಕೆಲಸ. ಆದರೆ ಮನೆಯವರೇ ಮಾಡಿ, ಕೂತ್ಕೋ ಅಂದರೂ ಕೂರಲಾಗದ ಸ್ಥಿತಿಗೆ ಕೆಲವರು ಬಂದುಬಿಟ್ಟಿರುತ್ತಾರೆ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಾರೆ. "ನಮ್ಮ ಸೊಸೆ ಒಂದು ಗಳಿಗೆ ಸುಮ್ನೆ ಕೂರೋಳಲ್ಲ" ಅಂತ ಅತ್ತೆ ಹೊಗಳಿದಾಗ, ಆ ಸೊಸೆ ಇನ್ನು ಮುಂದೆ ಕೂರುವ ದಾರಿಯೇ ಮುಚ್ಚಿಹೋಗುತ್ತದೆ.

ಯಾಕೆ ಹೀಗಾಗುತ್ತದೆ

ಒಂದೇ ಕಾರಣ ಇಲ್ಲ. ಕೆಲವರಿಗೆ ಚಿಕ್ಕಂದಿನಿಂದ ಮೆಚ್ಚುಗೆ ಸಿಕ್ಕಿದ್ದು ಕೆಲಸ ಮಾಡಿದಾಗ ಮಾತ್ರ. ಸುಮ್ನೆ ಕೂತರೆ ತಮಗೆ ಬೆಲೆಯಿಲ್ಲ ಎಂದು ಮನಸ್ಸು ಕಲಿತುಬಿಟ್ಟಿರುತ್ತದೆ. ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಪದರ ಇದೆ. 1972ರ ಬರ ನೋಡಿದ ಅಜ್ಜ ಅಜ್ಜಿಯರ ಮನೆಗಳು ಇವು. ಮಳೆ ಕೈಕೊಟ್ಟರೆ ಗುಳೆ, ಸಾಲ ತೀರದಿದ್ದರೆ ಹೊಲ ಹೋಯಿತು. ಅಂಥ ಮನೆಯಲ್ಲಿ ಬೆಳೆದವರು ಇವತ್ತು ಎರಡಂತಸ್ತಿನ ಮನೆ ಕಟ್ಟಿಸಿದ್ದರೂ ಕೈ ನಿಲ್ಲಿಸಿದರೆ ಎಲ್ಲ ಕುಸಿಯುತ್ತದೆ ಅನ್ನುವ ಭಯ ಹೋಗಿರುವುದಿಲ್ಲ. ಬರ ದಾಟಿದೆ ಎಂಬ ಸುದ್ದಿ ಮನಸ್ಸಿಗೆ ಇನ್ನೂ ಮುಟ್ಟಿಲ್ಲ.

ಇನ್ನು ಕೆಲವರಿಗೆ ಕೆಲಸ ಒಂದು ಮರೆ. ಮನೆಯಲ್ಲಿ ಜಗಳ, ಹತ್ತಿರದವರು ತೀರಿಕೊಂಡ ದುಃಖ, ಹೇಳಿಕೊಳ್ಳಲಾಗದ ಅವಮಾನ. ಕೆಲಸಕ್ಕೆ ಕೂತರೆ ಅರ್ಧ ಗಂಟೆಯಲ್ಲಿ ಎದೆ ಹಗುರವಾಗುತ್ತದೆ. ಆ ಹಗುರವೇ ಚಟದ ಬೀಜ. ಆತಂಕ ಬಂತು, ಕೆಲಸಕ್ಕೆ ಕೂತರು, ಆತಂಕ ಇಳಿಯಿತು. ಮುಂದಿನ ಸಲ ಆತಂಕ ಬಂದಾಗ ಕಾಲು ತಾನಾಗಿ ಅಂಗಡಿ ಕಡೆ ಹೋಗುತ್ತದೆ. ಮೂಲದ ದುಃಖ ಮಾತ್ರ ಹಾಗೇ ಇರುತ್ತದೆ.

ಸುತ್ತಲಿನ ಮಾತುಗಳೂ ಇದಕ್ಕೆ ನೀರೆರೆಯುತ್ತವೆ. 2023ರಲ್ಲಿ ಎನ್. ಆರ್. ನಾರಾಯಣ ಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥ ಎಸ್. ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಂತು. ದೇಶ ಕಟ್ಟುವ ಆಸೆಯಿಂದಲೇ ಹೇಳಿದ್ದಿರಬಹುದು. ಆದರೆ 55 ಗಂಟೆ ದಾಟಿದರೆ ಅಪಾಯ, 50 ದಾಟಿದರೆ ಲಾಭ ಇಳಿಮುಖ ಎಂದು ಲೆಕ್ಕಗಳು ಹೇಳುತ್ತಿರುವಾಗ ಈ ಸಲಹೆಯನ್ನು ನಾನು ಒಪ್ಪುವುದಿಲ್ಲ.

ನಮ್ಮಲ್ಲಿ ಈ ಚರ್ಚೆ ಬಂದಾಗಲೆಲ್ಲ ಯಾರಾದರೂ ಕಾಯಕವೇ ಕೈಲಾಸ ಎಂದು ಮಾತು ಮುಗಿಸಿಬಿಡುತ್ತಾರೆ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಮಾರಯ್ಯ ನಮ್ಮವನೇ, ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವನು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟು ಅಕ್ಕಿಯ ಆಸೆ ನಿಮಗೇಕೆ, ಇದನ್ನು ಈಶ್ವರ ಒಪ್ಪುವುದಿಲ್ಲ ಎಂದಳು. ಹೆಚ್ಚಾದದ್ದನ್ನು ವಾಪಸ್ ಚೆಲ್ಲಿ ಬರಲು ಕಳಿಸಿದಳು ಎಂದು ಕಥೆ ಹೇಳುತ್ತದೆ. ಗಂಡನ ಮಾತನ್ನು ನಾವು ಅಂಗಡಿ ಗೋಡೆ ಮೇಲೆ ಬರೆಸುತ್ತೇವೆ. ಹೆಂಡತಿಯ ಮಾತನ್ನೂ ಅದರ ಪಕ್ಕದಲ್ಲೇ ಬರೆಸಬೇಕು. ಎರಡೂ ಒಂದೇ ಮನೆಯಲ್ಲಿ ಹುಟ್ಟಿದವು.

ಬಿಡುವುದು ಹೇಗೆ

"ಒಂದು ವಾರ ರಜೆ ಹಾಕಿ ಎಲ್ಲಾದರೂ ಹೋಗಿ ಬನ್ನಿ" ಅನ್ನುವ ಸಲಹೆ ಇವರಿಗೆ ಅಷ್ಟಾಗಿ ನಾಟುವುದಿಲ್ಲ. ಹಂಪಿಗೆ ಹೋದರೂ ಕಲ್ಲಿನ ರಥದ ಮುಂದೆ ನಿಂತು ಗುಮಾಸ್ತನಿಗೆ ಫೋನ್ ಮಾಡುತ್ತಾರೆ. ಚಿಕ್ಕದಾಗಿ ಶುರು ಮಾಡುವುದು ಒಳ್ಳೆಯದು. ದಿನಕ್ಕೊಂದು ಗಂಟೆ ಫೋನ್ ಬೇರೆ ಕೋಣೆಯಲ್ಲಿ. ಊಟದ ಹೊತ್ತಾದರೆ ಇನ್ನೂ ಒಳ್ಳೆಯದು. ಮೊದಲ ದಿನಗಳಲ್ಲಿ ಕೈ ತುರಿಸುತ್ತದೆ, ಸಿಟ್ಟು ಬರುತ್ತದೆ, ಏನೋ ಮುಳುಗಿಹೋಯಿತು ಅನಿಸುತ್ತದೆ. ಚಟ ಬಿಡುವಾಗ ಹೀಗಾಗುವುದು ಸಹಜ. ಆ ಚಡಪಡಿಕೆ ಏರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ತಾನಾಗಿ ಇಳಿಯುತ್ತದೆ. ಅದು ಇಳಿಯುವುದನ್ನು ನಾಲ್ಕು ಸಲ ಕಂಡ ಮೇಲೆ ಭಯ ಕಡಿಮೆಯಾಗುತ್ತದೆ.

ಜೊತೆಗೆ ಒಂದು ಕೆಲಸ ಪೂರ್ತಿಯಾಗಿ ಇನ್ನೊಬ್ಬರಿಗೆ ಬಿಡಬೇಕು. ಬ್ಯಾಂಕಿಗೆ ಹೋಗುವುದು ಇರಲಿ, ಹಮಾಲರ ಬಟವಾಡೆ ಇರಲಿ. ಅವರು ತಪ್ಪು ಮಾಡುತ್ತಾರೆ. ಮಾಡಲಿ, ಕಲಿಯುವುದೇ ಹಾಗೆ. ಅಂಗಡಿ ಮುಚ್ಚುವ ಹೊತ್ತನ್ನು ಗಿರಾಕಿಗಳಿಗೆ ಹೇಳಿಬಿಟ್ಟರೆ ಅವರೂ ಹೊಂದಿಕೊಳ್ಳುತ್ತಾರೆ. ಮನೆಯವರು ಬೈದರೆ ಇಂಥವರು ಮತ್ತೆ ಕೆಲಸದಲ್ಲೇ ಅಡಗಿಕೊಳ್ಳುತ್ತಾರೆ. ಅದರ ಬದಲು "ಭಾನುವಾರ ಸಂಜೆ ಐದರಿಂದ ಏಳು ನಮ್ಮ ಜೊತೆ ಇರ್ರಿ" ಎಂದು ದಿನ, ಹೊತ್ತು ಹೇಳಿ ಕೇಳಿದರೆ ಒಪ್ಪುವ ಸಾಧ್ಯತೆ ಜಾಸ್ತಿ.

30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಮೊದಲು ಅದನ್ನು ಮಾಡಿಸಿ. ನಿದ್ದೆ ಪೂರ್ತಿ ಕೆಟ್ಟಿದ್ದರೆ, ಯಾವುದರಲ್ಲೂ ಖುಷಿ ಇಲ್ಲದಿದ್ದರೆ, ಕೆಲಸ ನಿಲ್ಲಿಸಿದ ಕೂಡಲೇ ಎದೆ ಢವಢವ ಅಂದರೆ ಮಾನಸಿಕ ಆರೋಗ್ಯದ ವೈದ್ಯರನ್ನು ನೋಡಬೇಕು. ಕೆಲಸದ ಚಟದ ಹಿಂದೆ ಖಿನ್ನತೆಯೋ ಆತಂಕದ ಕಾಯಿಲೆಯೋ ಅಡಗಿರಬಹುದು, ಅವುಗಳಿಗೆ ಒಳ್ಳೆಯ ಚಿಕಿತ್ಸೆ ಇದೆ. ಯೋಚನೆಯ ಜಾಡು ಬದಲಿಸುವ ಮಾತಿನ ಚಿಕಿತ್ಸೆಯೂ ಇದೆ.

ಇದಕ್ಕೆ ನಾಚಿಕೊಳ್ಳುವವರಿಗೆ ಒಂದು ವಿಷಯ ಹೇಳಬೇಕು. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗಳಿಗೆ ಊರ ಹತ್ತಿರವೇ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. ಅದು ಬಳ್ಳಾರಿ ಮಾದರಿ ಎಂದೇ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ. ದೇಶಕ್ಕೆ ಈ ದಾರಿ ತೋರಿಸಿದ್ದು ನಮ್ಮ ನೆಲ.

ಈಗ ವೈದ್ಯರ ಹತ್ತಿರ ಹೋಗಲಾಗದವರಿಗೆ ಟೆಲಿ ಮಾನಸ್ ಇದೆ. 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕೆಲಸ ಬಿಡಲಾಗದವರೇ ಫೋನ್ ಮಾಡಬೇಕೆಂದೇನಿಲ್ಲ. ಅವರ ಹೆಂಡತಿಯೋ, ಗಂಡನೋ, ದೊಡ್ಡ ಮಗಳೋ ಮಾಡಿ, ಮನೆಯಲ್ಲಿ ಹೀಗಾಗುತ್ತಿದೆ, ನಾವು ಹೇಗೆ ಮಾತಾಡಬೇಕು ಎಂದು ಕೇಳಬಹುದು.